ಏಳನೇ ಕೋಡ್

ಫೆಬ್ರವರಿ 23, ಸೋಮವಾರ

ಇವತ್ತು ಅರವತ್ತೆರಡು ಫೋನ್. ಎತ್ತಿದವರು ಇಪ್ಪತ್ತೆಂಟು. ಗಂಟಲು ಪೂರ್ತಿ ಕಟ್ಟಿದೆ.

ಪದವಿ ಮುಗಿದು ಆರು ತಿಂಗಳಾದವರಿಗೆ ನಮ್ಮ ಪ್ಲೇಸ್‌ಮೆಂಟ್ ಸೆಲ್‌ನಿಂದ ಹೋಗುವ ಫೋನು. ಈಗ ಏನು ಮಾಡುತ್ತಿದ್ದೀರಿ — ಇದೊಂದೇ ಪ್ರಶ್ನೆ. ಹದಿನೇಳು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ಕೆಲಸ ಸಿಕ್ಕವರು ಎರಡನೇ ರಿಂಗಿಗೇ ಎತ್ತುತ್ತಾರೆ. ಸಿಗದವರ ಫೋನನ್ನು ಅಮ್ಮಂದಿರು ಎತ್ತಿ 'ಸ್ನಾನಕ್ಕೆ ಹೋಗಿದ್ದಾನೆ' ಅನ್ನುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಎಂಥ ಸ್ನಾನವೋ.

ಉತ್ತರಕ್ಕೊಂದು ಕೋಡ್ ಹಾಕಬೇಕು. ಒಂದು — ಕೆಲಸ ಸಿಕ್ಕಿದೆ. ಐದು — ಹುಡುಕುತ್ತಿದ್ದಾರೆ, ಸಿಕ್ಕಿಲ್ಲ. ಏಳು — ಹುಡುಕುತ್ತಿಲ್ಲ. ನಡುವಿನವು ಮುಂದೆ ಓದುವವರಿಗೆ, ಅಂಗಡಿ ಇಟ್ಟವರಿಗೆ, ಇತ್ಯಾದಿ. ಏಳರವರು ಲೆಕ್ಕಕ್ಕೇ ಇಲ್ಲ. ಕೆಲಸ ಸಿಕ್ಕವರ ಶೇಕಡಾ ತೆಗೆಯುವಾಗ ಅವರನ್ನು ಬಿಟ್ಟು ತೆಗೆಯುತ್ತಾರೆ.

ಸಂಜೆ ಪಿಸುಮಾತು ಫೋನಿಗೆ ಸಿಕ್ಕಳು. ಕೆಮಿಸ್ಟ್ರಿ ಓದಿದ ಹುಡುಗಿ. ಮೊದಲ ಅಣಕು ಸಂದರ್ಶನದಲ್ಲಿ ಅವಳು ತನ್ನ ಹೆಸರು ಹೇಳಿದ್ದು ಎದುರಿಗೇ ಕೂತ ನನಗೆ ಕೇಳಿಸಿರಲಿಲ್ಲ. ಅವತ್ತಿನಿಂದ ನನ್ನ ಬಾಯಲ್ಲಿ ಅವಳು ಪಿಸುಮಾತು. ಖಾಲಿ ಕ್ಲಾಸಿನ ಕೊನೆಯ ಕುರ್ಚಿಯಲ್ಲಿ ನಾನು ಕೂತು, 'ಇಲ್ಲೀವರೆಗೂ ಕೇಳಿಸ್ಬೇಕು ಕಣೇ' ಅಂತ ಎಷ್ಟು ಸಲ ಹೇಳಿಸಿದ್ದೇನೋ. ಮೂರು ಕಡೆ ಇಂಟರ್‌ವ್ಯೂಗೆ ಹೋದಳು. ಮೂರೂ ಕೈತಪ್ಪಿದವು.

"ಹುಡುಕ್ತಾ ಇದ್ದೀನಿ ಮೇಡಂ. ಏನಾದ್ರೂ ಬಂದ್ರೆ ತಿಳಿಸ್ತೀರಲ್ವಾ?"

"ತಿಳಿಸ್ದೆ ಇರ್ತೀನಾ?"

"ಶೂ ಇನ್ನೂ ನನ್ನ ಹತ್ರಾನೇ ಇದೆ."

"ಇರ್ಲಿ ಬಿಡು. ರೂಲ್ ಗೊತ್ತಲ್ಲ?"

ಸೆಲ್‌ನಲ್ಲೊಂದು ಬೀರು ಇದೆ. ಸಂದರ್ಶನಕ್ಕೆ ಹೋಗುವವರಿಗೆ ಕೋಟು, ಶರ್ಟು, ಶೂ. ನಾನೇ ಅವರಿವರ ಹತ್ತಿರ ಕೇಳಿ ತಂದು ತುಂಬಿಸಿದ್ದು. ರೂಲ್ ಕೂಡ ನನ್ನದೇ: ಹುಡುಕುವಷ್ಟು ದಿನ ನಿಮ್ಮ ಹತ್ತಿರವೇ ಇರಲಿ; ಸಿಕ್ಕ ಮೇಲೋ, ಹುಡುಕುವುದು ಬಿಟ್ಟ ಮೇಲೋ ತಂದುಕೊಡಿ. ಅವಳದು ನಾಲ್ಕನೇ ಸೈಜಿನ ಕಪ್ಪು ಶೂ.

ಕೋಡ್ ಐದು ಹಾಕಿದೆ.

ಫೆಬ್ರವರಿ 26, ಗುರುವಾರ

ಲೆಕ್ಕ ಆಯಿತು. ಐನೂರ ಹದಿನಾಲ್ಕರಲ್ಲಿ ನಾನೂರ ಮೂರು. 78.4.

ನಿರ್ದೇಶಕರು ಹಾಳೆಯನ್ನು ತಿರುಗಿಸಿ ನೋಡಿದರು, ಹಿಂದುಗಡೆ ಇನ್ನೊಂದಿಷ್ಟು ಜನ ಇದ್ದಾರೇನೋ ಅನ್ನುವ ಹಾಗೆ. "ಎಂಬತ್ತು ಮುಟ್ಲಿಲ್ಲ ಅಂದ್ರೆ ಸೆಲ್‌ನಲ್ಲಿ ಒಂದು ಪೋಸ್ಟ್ ತೆಗೀತಾರೆ ಮೇಡಂ. ಯಾವ್ದು ಅಂತ ನಿಮಗೇ ಗೊತ್ತು."

ಗೊತ್ತು. ಕಂಪ್ಯೂಟರಣ್ಣನದು. ಒಂಬತ್ತು ವರ್ಷದಿಂದ ಸೆಲ್‌ನ ಕಂಪ್ಯೂಟರ್ ನೋಡಿಕೊಳ್ಳುತ್ತ ಗುತ್ತಿಗೆ ಮೇಲೆ ಇದ್ದಾನೆ. ವರ್ಷವಿಡೀ ನೆಗಡಿ, ಎರಡು ಚಿಕ್ಕ ಮಕ್ಕಳು. ಮಧ್ಯಾಹ್ನ ಅವನೇ ಬಂದು, "ಎಷ್ಟು ಬಂತು ಮೇಡಂ?" ಅಂದ. ಇನ್ನೂ ಫೋನ್ ಬಾಕಿ ಇದೆ ಅಂದೆ. ಸುಳ್ಳು.

ಮನೆಗೆ ಬಂದರೆ ಇವರು ಕಿಟಕಿ ಪಕ್ಕ ಕೂತು ಹಳೇ ಪುಸ್ತಕದಲ್ಲಿ ತಪ್ಪು ಗುರುತು ಹಾಕುತ್ತಿದ್ದಾರೆ. ಪ್ರೂಫ್ ನೋಡುತ್ತಿದ್ದ ಪ್ರೆಸ್ ಮುಚ್ಚಿ ಎರಡು ವರ್ಷವಾಯಿತು. ಬಯೋಡೇಟಾ ಮಾಡಿಕೊಡುತ್ತೇನೆ ಅಂದರೆ ಹರಿಹಾಯುತ್ತಾರೆ. "ನಾನು ಹುಡುಕ್ತಾ ಇಲ್ಲ. ಗೊತ್ತಾಯ್ತಾ?" ಊರ ಮಕ್ಕಳಿಗೆಲ್ಲ ದಾರಿ ತೋರಿಸುವವಳ ಗಂಡ. ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಫೆಬ್ರವರಿ 27, ಶುಕ್ರವಾರ, ಸಂಜೆ 5.40

ಹತ್ತು ಜನರನ್ನು ತೆಗೆದರೆ 79.96. ಹನ್ನೊಂದು ಜನರನ್ನು ತೆಗೆದರೆ 80.1.

ಹನ್ನೊಂದು ಜನರಿಗೆ ಐದನ್ನು ಅಳಿಸಿ ಏಳು ಹಾಕಿದೆ. ಯಾರಿಗೇನು ನಷ್ಟ? ಒಂದು ಅಂಕಿ ಅಷ್ಟೆ. ಕಡತದೊಳಗೆ ಇರುತ್ತದೆ. ಯಾರನ್ನು ಹಾಕುವುದು ಅಂತ ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ... ಬಂದು ಕೇಳದವರು, ಕೇಳಿದರೂ ದನಿ ಏರಿಸದವರು. ಅವರ ಹೆಸರನ್ನು ಈ ಡೈರಿಯ ಕೊನೇ ಹಾಳೆಯಲ್ಲಿ ಬರೆದಿಟ್ಟೆ. ಯಾಕೆ ಬರೆದಿಟ್ಟೆನೋ.

ಹನ್ನೊಂದನೆಯವಳು ಪಿಸುಮಾತು.

ಮಾರ್ಚ್ 9, ಸೋಮವಾರ

ವರದಿ ಮೇಲೆ ಹೋಯಿತು. ನಿರ್ದೇಶಕರು ಎಲ್ಲರಿಗೂ ಟೀ ಹೇಳಿದರು. ಕಂಪ್ಯೂಟರಣ್ಣನ ಗುತ್ತಿಗೆ ಇನ್ನೊಂದು ವರ್ಷ. ಅವನು ಮಗಳು ಬಿಡಿಸಿದ ಚಿತ್ರ ತಂದು ನನ್ನ ಮೇಜಿನ ಗಾಜಿನಡಿ ಇಟ್ಟ. ಚಿತ್ರದಲ್ಲಿ ನನಗೆ ಆರು ಬೆರಳು.

ಏಪ್ರಿಲ್ 14, ಮಂಗಳವಾರ

ನೀರು ಪರೀಕ್ಷೆ ಮಾಡುವ ಲ್ಯಾಬ್‌ನಿಂದ ಪತ್ರ. ಕೆಮಿಸ್ಟ್ರಿಯವರು ನಾಲ್ಕು ಜನ ಬೇಕು. ಅರ್ಜಿಗೆ ಮೇ 29 ಕೊನೇ ದಿನ. ಪಿಸುಮಾತಿಗೆ ಹೇಳಿ ಮಾಡಿಸಿದಂಥ ಕೆಲಸ — ಬಾಟಲಿಗಳ ಜತೆ ಜೋರಾಗಿ ಮಾತಾಡಬೇಕಿಲ್ಲ. ಕಂಪ್ಯೂಟರಣ್ಣ, "ಎಲ್ರಿಗೂ ಮೇಲ್ ಹೋಯ್ತು ಮೇಡಂ" ಅಂದ. ಅವಳಿಗೆ ಒಂದು ಫೋನೂ ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ಎಂಜಿನಿಯರಿಂಗ್ ಮಕ್ಕಳು ಗುಂಪಾಗಿ ಬಂದರು.

ಜೂನ್ 9, ಮಂಗಳವಾರ

ಎರಡು ತಿಂಗಳು ಇದನ್ನು ಮುಟ್ಟಿರಲಿಲ್ಲ. ಇವತ್ತು ಬರೆಯದಿದ್ದರೆ ಆಗದು.

ಮಧ್ಯಾಹ್ನ ಪಿಸುಮಾತು ಬಂದಳು. ಇಳಿದು ಹೋಗಿದ್ದಾಳೆ. ಪೇಪರಿನಲ್ಲಿ ಸುತ್ತಿದ ಶೂ ಮೇಜಿನ ಮೇಲಿಟ್ಟಳು.

"ಹಿಮ್ಮಡಿ ಸವೆದಿತ್ತು ಮೇಡಂ. ಹೊಸದು ಹೊಡೆಸಿದ್ದೀನಿ. ಬೇರೆಯವರಿಗೆ ಬೇಕಾಗುತ್ತಲ್ಲ."

ನನಗೆ ಖುಷಿ. "ಸಿಕ್ತೇನೇ? ಎಲ್ಲಿ? ಆ ಲ್ಯಾಬಲ್ಲಾ?"

"ಯಾವ ಲ್ಯಾಬ್?"

ಏಪ್ರಿಲ್‌ನಲ್ಲೇ ಮೇಲ್ ಬಂದಿರಬೇಕಲ್ಲ ಅಂದೆ. ಅವಳು ಮೆಲ್ಲಗೆ ಹೇಳಿದಳು. "ಮಾರ್ಚಿಂದ ನಿಮ್ಮಿಂದ ಒಂದೂ ಮೇಲ್ ಇಲ್ಲ. ಮುಂಚೆ ವಾರಕ್ಕೆರಡು ಬರ್ತಿತ್ತು. ನನ್ನ ಕೈಲಿ ಆಗಲ್ಲ ಅಂತ ನಿಮಗೂ ಅನ್ನಿಸಿರ್ಬೇಕು ಅಂದ್ಕೊಂಡೆ. ಮೂರು ಕಡೆ ನಿಮ್ಮ ಹೆಸರು ಕೆಡಿಸ್ದೆ ಅಲ್ವಾ? ಬೇಜಾರಿಲ್ಲ ಮೇಡಂ. ಈಗ ಹುಡುಕೋದು ಬಿಟ್ಟಿದ್ದೀನಿ. ರೂಲ್ ಪ್ರಕಾರ ವಾಪಸ್ ಕೊಡ್ಬೇಕಲ್ಲ."

ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊರಟುಹೋದಳು. ತಡೆಯಬೇಕಿತ್ತು. ಶೂ ಎತ್ತಿ ಬೀರುವಿನಲ್ಲಿಟ್ಟೆ.

ಜೂನ್ 10, ಬುಧವಾರ

ಕಂಪ್ಯೂಟರಣ್ಣನನ್ನು ಕೇಳಿದೆ. ಮೂಗು ಒರೆಸಿಕೊಳ್ಳುತ್ತ ಪಟ್ಟಿ ತೆಗೆದ.

"ಇವ್ರದು ಏಳು ಅಂತ ಇದೆಯಲ್ಲ ಮೇಡಂ. ಏಳು ಹಾಕಿದ ತಕ್ಷಣ ಮೇಲ್ ನಿಂತೋಗುತ್ತೆ."

"ತಾನಾಗೇ?"

"ಹೌದು. ಕೆಲಸಾನೇ ಬೇಡ ಅನ್ನೋರಿಗೆ ಕೆಲ್ಸದ ಮೇಲ್ ಯಾಕೆ ಕಳ್ಸೋದು?"

ಎಷ್ಟು ಸರಿಯಾದ ಮಾತು. ಹದಿನೇಳು ವರ್ಷ ಕೋಡ್ ಹಾಕಿದ ನನಗೆ ಆ ಅಂಕಿ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಹನ್ನೊಂದು ಮಕ್ಕಳು. ಮೂರೂವರೆ ತಿಂಗಳು. ಬೆಳಿಗ್ಗೆ ಎದ್ದು ಮೇಲ್ ನೋಡುವುದು, ಏನೂ ಇಲ್ಲ. ಮರುದಿನ ಮತ್ತೆ ನೋಡುವುದು.

ಲ್ಯಾಬಿನ ಅರ್ಜಿಗೆ ಕೊನೇ ದಿನ ಮುಗಿದು ಹನ್ನೆರಡು ದಿನ. ಸಂದರ್ಶನ ಹತ್ತೊಂಬತ್ತಕ್ಕೆ. ಇನ್ನೂ ಒಂಬತ್ತು ದಿನ ಇದೆ.

ನನ್ನ ಮೇಲೆ ನನಗೇ ಹೇಸಿಗೆ ಆಗುತ್ತಿದೆ.

ಜೂನ್ 12, ಶುಕ್ರವಾರ

ನಿರ್ದೇಶಕರಿಗೆ ಹೇಳಿದೆ. ಎದ್ದು ಬಾಗಿಲು ಹಾಕಿ ಬಂದು ಕೂತರು.

"ತಾಂತ್ರಿಕ ದೋಷ ಅಂತ ಬರೀರಿ. ಲ್ಯಾಬ್‌ನವರಿಗೆ ನಾನೇ ಸೈನ್ ಹಾಕಿ ಕೊಡ್ತೀನಿ. ಹುಡುಗೀನೂ ಇಂಟರ್‌ವ್ಯೂಗೆ ಹೋಗ್ತಾಳೆ, ನೀವೂ ಉಳ್ಕೋತೀರಿ."

"ತಾಂತ್ರಿಕ ದೋಷ ಅಂದ್ರೆ ಕಂಪ್ಯೂಟರ್ ನೋಡ್ಕೊಳ್ಳೋನ ತಲೆಗೆ ಬರುತ್ತೆ ಸರ್."

"ಒಂದು ಮೆಮೋ ಕೊಟ್ಟು ಬಿಡ್ತೀವಿ. ಅಷ್ಟೇ."

"ಉಳಿದ ಹತ್ತು ಜನ?"

"ಯಾವ ಹತ್ತು ಜನ?" ಅಂದರು. ಕನ್ನಡಕ ತೆಗೆದು ಒರೆಸತೊಡಗಿದರು. "ಸೋಮವಾರದವರೆಗೂ ಯೋಚ್ನೆ ಮಾಡಿ ಮೇಡಂ. ದುಡುಕ್ಬೇಡಿ."

ಜೂನ್ 14, ಭಾನುವಾರ

ಹಳೇ ಪೇಪರ್ ಕಟ್ಟುತ್ತಿದ್ದೆ. ನಡುವೆ ಒಂದು ರಟ್ಟಿನ ಫೈಲು. ಒಳಗೆ ಕತ್ತರಿಸಿದ ಜಾಹೀರಾತುಗಳು — ಕರಡು ತಿದ್ದುವವರು ಬೇಕಾಗಿದ್ದಾರೆ, ಲೆಕ್ಕ ಗುಮಾಸ್ತ ಬೇಕು, ಗ್ರಂಥಾಲಯ ಸಹಾಯಕ... ಪ್ರತಿಯೊಂದರ ಸುತ್ತ ಕೆಂಪು ಶಾಯಿ. ಪಕ್ಕದಲ್ಲಿ ಅರ್ಜಿ ಹಾಕಿದ ತಾರೀಕು. ಮೂವತ್ತಾರು. ಕೊನೆಯದು ಹೋದ ವಾರದ್ದು.

ಇವರು ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಿಂದ ಫೈಲು ಕಿತ್ತುಕೊಳ್ಳಲಿಲ್ಲ.

"ಹುಡುಕ್ತಾ ಇದ್ದೀನಿ, ಸಿಗ್ತಿಲ್ಲ ಅಂತ ನಿನ್ನೆದುರು ಹೇಗೆ ಹೇಳ್ಲಿ?"

ನೆಲದ ಮೇಲೆ ಪೇಪರುಗಳ ನಡುವೆಯೇ ಕೂತು ಅತ್ತೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹನ್ನೊಂದು ಹೆಸರಿನ ಹಾಳೆ ತೋರಿಸಿದೆ. ಪ್ರೂಫ್ ಓದುವ ಹಾಗೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು.

"ಪುಸ್ತಕದ ಕೊನೇಲಿ ತಪ್ಪು-ಒಪ್ಪು ಪಟ್ಟಿ ಹಾಕ್ತಾರೆ, ಯಾರೂ ಓದಲ್ಲ. ತಪ್ಪು ಆಗಿರೋ ಪುಟದಲ್ಲೇ ತಿದ್ಬೇಕು ಕಣೇ."

"ಕೆಲ್ಸ ಹೋಗ್ಬಹುದು. ಇಬ್ರೂ ಮನೇಲಿರ್ತೀವಿ."

"ಇರೋಣ. ನನಗೂ ಒಬ್ಬನೇ ಇದ್ದು ಸಾಕಾಗಿದೆ."

ಜೂನ್ 15, ಸೋಮವಾರ

ಪತ್ರವನ್ನು ನನ್ನ ಹೆಸರಿನಲ್ಲೇ ಬರೆದೆ. ನಾಲ್ಕು ಸಾಲು. ಒಂದು ಪ್ರತಿ ನಿರ್ದೇಶಕರ ಮೇಜಿನ ಮೇಲಿಟ್ಟೆ. ಓದಿ, "ಸರಿ ಮೇಡಂ" ಅಂದರು.

ಹನ್ನೊಂದು ಗಂಟೆಗೆ ಲ್ಯಾಬ್. ಅಲ್ಲಿನ ಮುಖ್ಯಸ್ಥೆ ನನ್ನ ವಯಸ್ಸಿನವರೇ. ಕೈ ತುಂಬ ಬ್ಲೀಚಿಂಗ್ ಪೌಡರಿನ ವಾಸನೆ.

"ತಡವಾಗಿ ಬಂದ ಎಂಟು ಅರ್ಜಿ ವಾಪಸ್ ಕಳ್ಸಿದ್ದೀನಿ. ನಿಮ್ಮ ಹುಡುಗೀದು ಮಾತ್ರ ಯಾಕೆ ತಗೋಬೇಕು?"

ಪತ್ರ ಕೊಟ್ಟೆ. ಎರಡು ಸಲ ಓದಿದರು.

"ಇಂಥದ್ದನ್ನ ಬರೆದುಕೊಡೋಕೆ ನಿಮಗೆ ಅಧಿಕಾರ ಇದೆಯಾ?"

"ತಪ್ಪು ಮಾಡೋಕೆ ಇತ್ತಲ್ಲ, ಮೇಡಂ."

ನಗಲಿಲ್ಲ. ಪತ್ರವನ್ನು ಫೈಲಿಗೆ ಸಿಕ್ಕಿಸಿದರು. "ಹತ್ತೊಂಬತ್ತಕ್ಕೆ ಹತ್ತು ಗಂಟೆಗೆ ಬರ್ಲಿ. ಕೆಲಸ ಕೊಡ್ತೀನಿ ಅಂತ ಹೇಳ್ತಿಲ್ಲ."

ಸಂಜೆ 6.15

ಪಿಸುಮಾತಿಗೆ ಫೋನ್ ಮಾಡಿದೆ. ಇಂಟರ್‌ವ್ಯೂ ಇದೆ ಅಂತಷ್ಟೇ ಹೇಳಿ ಇಟ್ಟುಬಿಡಬಹುದಿತ್ತು. ನಾಲಗೆ ತುದಿಗೂ ಬಂದಿತ್ತು. ಆದರೂ ಎಲ್ಲ ಹೇಳಿದೆ. ಐದು, ಏಳು, ಎಂಬತ್ತು.

ಹಿಂದೆ ಎಲ್ಲೋ ನಲ್ಲಿ ನೀರು ಬೀಳುವ ಸದ್ದು.

"ಐನೂರು ಜನ ಇದ್ರಲ್ಲ ಮೇಡಂ. ನಾನೇ ಯಾಕೆ?"

"ನೀನು ಬಂದು ಕೇಳಲ್ಲ ಅಂತ ಗೊತ್ತಿತ್ತು."

"ನಾನು ನಿಮಗೆ ಏನು ಮಾಡಿದ್ದೆ?"

ಕೂಗಿದಳು. ಫೋನನ್ನು ಕಿವಿಯಿಂದ ದೂರ ಹಿಡಿದೆ, ಆಗಲೂ ಕೇಳಿಸಿತು. ಕೊನೆಯ ಕುರ್ಚಿಗೇನು, ಹೊರಗಿನ ಕಾರಿಡಾರಿಗೂ ಕೇಳಿಸುವ ದನಿ. ಎರಡು ವರ್ಷ ನಾನು ಕಲಿಸಲು ಒದ್ದಾಡಿದ್ದು. ಆಮೇಲೆ ಫೋನ್ ಇಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. ಜಾಗ, ಗಂಟೆ, ತಾರೀಕು ಮೆಸೇಜ್ ಹಾಕಿದೆ. ಶೂ ಬೀರುವಿನಲ್ಲಿದೆ ಅಂತಲೂ ಹಾಕಿದೆ.

ಜೂನ್ 17, ಬುಧವಾರ

ನಿನ್ನೆ, ಇವತ್ತು ಉಳಿದ ಹತ್ತು ಜನರಿಗೆ ಫೋನ್. ನಾಲ್ವರು ತಾವೇ ಹುಡುಕಿಕೊಂಡಿದ್ದಾರೆ. ಅವರಲ್ಲೊಬ್ಬ 'ನಿಮ್ಮ ಸೆಲ್ ನಂಬ್ಕೊಂಡಿದ್ರೆ ಅಷ್ಟೇ' ಅಂದ, ಅನ್ನಲಿ. ಮೂವರು ಇನ್ನೂ ಹುಡುಕುತ್ತಿದ್ದಾರೆ, ಕೋಡ್ ಸರಿಮಾಡಿ ಮಾರ್ಚ್‌ನಿಂದ ಬಂದ ಪತ್ರಗಳನ್ನೆಲ್ಲ ಕಳಿಸಿದೆ. ಇಬ್ಬರ ನಂಬರ್ ಚಾಲ್ತಿಯಲ್ಲಿಲ್ಲ.

ಹತ್ತನೆಯವನು ಇತಿಹಾಸ ಓದಿದವನು. ಸಂದರ್ಶನದ ಹಿಂದಿನ ದಿನ ಟೈ ಕಟ್ಟುವುದನ್ನು ಇದೇ ಕೋಣೆಯಲ್ಲಿ ನನ್ನಿಂದ ಕಲಿತಿದ್ದ. ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡ.

"ಪರ್ವಾಗಿಲ್ಲ ಮೇಡಂ. ಅದನ್ನ ಹಾಗೇ ಬಿಟ್ಬಿಡಿ. ಈಗ ನಿಜವಾಗ್ಲೂ ಹುಡುಕ್ತಾ ಇಲ್ಲ."

ಎಷ್ಟು ಹೇಳಿದರೂ 'ಪರ್ವಾಗಿಲ್ಲ' ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಹೆಸರಿನ ಮುಂದೆ ಏಳು ಹಾಗೆಯೇ ಇದೆ.

ಕಂಪ್ಯೂಟರಣ್ಣನಿಗೂ ಹೇಳಿದೆ. ಎಂಬತ್ತು ಯಾಕೆ ಬೇಕಿತ್ತು ಅನ್ನುವುದನ್ನೂ. "ನನ್ನನ್ನ ಒಂದ್ಮಾತು ಕೇಳಿದ್ರೆ, ಮೇಲ್ ನಿಂತೋಗುತ್ತೆ ಅಂತ ಅವತ್ತೇ ಹೇಳ್ತಿದ್ದೆ ಮೇಡಂ." ಪಾಪ, ಅಷ್ಟೇ ಅಂದಿದ್ದು.

ಜೂನ್ 19, ಶುಕ್ರವಾರ

ಬೆಳಿಗ್ಗೆ 8.20. ನಾನೇ ಬೀಗ ತೆಗೆದೆ. ಶೂ ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ಬರುತ್ತಾಳೆ ಅಂತ ಅನ್ನಿಸುತ್ತಿಲ್ಲ.

8.55. ಬಂದು ಹೋದಳು. ನಮಸ್ಕಾರ ಇಲ್ಲ, ಮುಖ ನೋಡಿದ್ದೂ ಇಲ್ಲ. ಕುರ್ಚಿ ಎಳೆದುಕೊಂಡು ಶೂ ಹಾಕಿಕೊಂಡಳು. ಲೇಸು ಎರಡು ಗಂಟು. ರಿಜಿಸ್ಟರಿನಲ್ಲಿ ತಾನೇ ತಾರೀಕು ಬರೆದು ಸಹಿ ಹಾಕಿದಳು. ಒಳ್ಳೆಯದಾಗಲಿ ಅಂದೆ. ಬಾಗಿಲ ಹತ್ತಿರ ಒಂದು ಕ್ಷಣ ನಿಂತ ಹಾಗಾಯಿತು... ಮೆಟ್ಟಿಲ ಮೇಲೆ ಆ ಹೊಸ ಹಿಮ್ಮಡಿಯ ಟಕಟಕ ಕೆಳಗಿನ ಮಹಡಿವರೆಗೂ ಕೇಳಿಸಿತು.

ಜೂನ್ 26, ಶುಕ್ರವಾರ

ನೋಟಿಸ್ ಬಂತು. ವಿಚಾರಣೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕಂತೆ. ತಿದ್ದಿದ ವರದಿ 78.4 ಅಂತಲೇ ಮೇಲೆ ಹೋಗಿದೆ. ಕಂಪ್ಯೂಟರಣ್ಣನ ಪೋಸ್ಟಿನ ಬಗ್ಗೆ ಇನ್ನೂ ಏನೂ ಹೇಳಿಲ್ಲ. ಆರು ಬೆರಳಿನ ಚಿತ್ರವನ್ನು ತೆಗೆದು ಅವನಿಗೆ ವಾಪಸ್ ಕೊಡಲು ಹೋದೆ. "ಅಲ್ಲೇ ಇರ್ಲಿ ಬಿಡಿ, ಮಗು ಬೇಜಾರು ಮಾಡ್ಕೊಳ್ಳುತ್ತೆ" ಅಂದ.

ಜುಲೈ 6, ಸೋಮವಾರ

ಲ್ಯಾಬಿನ ಪಟ್ಟಿ ಬೆಳಿಗ್ಗೆ ಬಂತು. ನಾಲ್ಕು ಹೆಸರು. ಅವಳದಿಲ್ಲ.

ಮೂರು ಸಲ ನೋಡಿದೆ. ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳಿಗೆ ಸಿಕ್ಕಿದ್ದರೆ ನನ್ನ ಮನಸ್ಸೂ ಹಗುರವಾಗುತ್ತಿತ್ತು.

ಮಧ್ಯಾಹ್ನ ಬಾಗಿಲಲ್ಲಿ ಪಿಸುಮಾತು. ನನ್ನ ಕಣ್ಣು ನೇರ ಅವಳ ಕೈಗೆ ಹೋಯಿತು. ಪೇಪರಿನ ಪೊಟ್ಟಣ ಇರಲಿಲ್ಲ.

"ಸಿಗ್ಲಿಲ್ಲ," ಅಂದಳು. "ಆದ್ರೆ ಆ ಮೇಡಂ ಅರ್ಧ ಗಂಟೆ ಕೂರಿಸ್ಕೊಂಡು ಕೇಳಿದ್ರು. ಒಂದ್ಸಲಾನೂ 'ಜೋರಾಗಿ ಹೇಳಮ್ಮ' ಅನ್ಲಿಲ್ಲ."

"ಕೂತ್ಕೋ."

"ಕೂರಲ್ಲ. ನಿಮ್ಮ ಮೇಲೆ ಇನ್ನೂ ಕೋಪ ಇದೆ."

"ಇರ್ಲಿ."

"ಶೂ ಕೊಡೋಕೆ ಬಂದಿಲ್ಲ. ಅದನ್ನ ಹೇಳೋಕೆ ಬಂದೆ." ಮೇಜಿನ ಮೇಲಿನ ಕಂಪ್ಯೂಟರ್ ಕಡೆ ಗಲ್ಲ ಎತ್ತಿ ತೋರಿಸಿದಳು. "ಐದು ಅಂತ ಹಾಕಿ. ನನ್ನೆದುರಿಗೇ ಹಾಕಿ."

ಅದು ಜೂನ್‌ನಲ್ಲೇ ಐದಾಗಿತ್ತು. ಆದರೂ ಅವಳ ಪುಟ ತೆಗೆದು, ಅಳಿಸಿ, ಮತ್ತೆ ಐದು ಒತ್ತಿದೆ. ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. ಆಮೇಲೆ ಹೊರಟಳು.

ಆಗಸ್ಟ್ 3, ಸೋಮವಾರ

ಕೆಲಸ ಹೋಗಿ ನಾಲ್ಕು ದಿನ. ಮೇಜಿನ ಡ್ರಾಯರಿನಲ್ಲಿದ್ದದ್ದು ಒಂದು ಚೀಲಕ್ಕೂ ಆಗಲಿಲ್ಲ. ಕಂಪ್ಯೂಟರಣ್ಣನನ್ನು ಮೂರು ತಿಂಗಳಿಗೆ ಉಳಿಸಿಕೊಂಡಿದ್ದಾರೆ, ಆಮೇಲೆ ನೋಡೋಣ ಅಂದರಂತೆ. ಬೀರುವಿನ ಬೀಗದಕೈ ಅವನಿಗೇ ಕೊಟ್ಟು ಬಂದೆ. ರೂಲ್ ಬದಲಾಯಿಸಬೇಡ ಅಂದೆ. ಇಲ್ಲ ಮೇಡಂ ಅಂದ.

ಬೆಳಿಗ್ಗೆ ಹತ್ತು ಗಂಟೆ. ಊಟದ ಮೇಜಿನ ಆ ಕಡೆ ಇವರು, ಈ ಕಡೆ ನಾನು. ಇವರದು ಮೂವತ್ತೊಂಬತ್ತನೇ ಅರ್ಜಿ — ಈಗ ಬಚ್ಚಿಡುವುದಿಲ್ಲ, ಬಯೋಡೇಟಾ ನನ್ನಿಂದಲೇ ಮಾಡಿಸಿಕೊಂಡರು, ಅದರಲ್ಲೂ ನಾಲ್ಕು ತಪ್ಪು ಹಿಡಿದರು. ನನ್ನದು ಮೊದಲನೇ ಅರ್ಜಿ. ಒಂದು ಶಾಲೆಯ ಆಫೀಸಿಗೆ.

ಹೆಸರು, ವಿಳಾಸ, ಅನುಭವ ಸರಸರ ಬರೆದೆ. ಆಮೇಲಿನ ಸಾಲಿಗೆ ಬಂದು ಅರ್ಧ ಗಂಟೆ ಆಯಿತು. ಹಿಂದಿನ ಕೆಲಸ ಬಿಟ್ಟ ಕಾರಣ. ಈ ಸಾಲು ಹೇಗೆ ತುಂಬಬೇಕು ಅಂತ ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಒಂದೇ ವಾಕ್ಯ. ನಿಜವನ್ನೇ ಬರೆಯಿರಿ. ಯಾರನ್ನೂ ದೂರಬೇಡಿ.

"ಏನು, ಪೆನ್ನು ನಿಂತೇ ಹೋಯ್ತು?" ಅಂದರು ಇವರು, ತಲೆ ಎತ್ತದೆ.

"ಇಲ್ಲಿ ಡೈರೀಲಿ ಒಂದ್ಸಲ ಬರೆದು ನೋಡ್ತೀನಿ, ಆಮೇಲೆ ಫಾರಂಗೆ."

"ಬರಿ. ಆಮೇಲೆ ನಾನು ನೋಡ್ತೀನಿ."

ಹಿಂದಿನ ಕೆಲಸ ಬಿಟ್ಟ ಕಾರಣ: ಕೆಲಸ ಹುಡುಕುತ್ತಿದ್ದ, ನನ್ನ ಫೋನಿಗಾಗಿ ಕಾಯುತ್ತಿದ್ದ ಹನ್ನೊಂದು ಜನರನ್ನು ನಾನು ಹುಡುಕುತ್ತಿಲ್ಲದವರು ಅಂತ ಬರೆದೆ.